ಪುಸ್ತಕ ಹೇಳುವುದೊಂದು, ಸುತ್ತೋಲೆ ಹೇಳುವುದು ಇನ್ನೊಂದು: ಅಂಪೈರ್ ಯಾರ ಮಾತು ಕೇಳಬೇಕು?

2023ರ ಜನವರಿ 3. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಬಿಗ್ ಬ್ಯಾಷ್ ಲೀಗ್ ಪಂದ್ಯ. ಮೆಲ್ಬರ್ನ್ ಸ್ಟಾರ್ಸ್ ತಂಡದ ಸ್ಪಿನ್ನರ್ ಆ್ಯಡಂ ಜಂಪಾ ಬೌಲ್ ಮಾಡಲು ಬಂದವರು ಚೆಂಡು ಬಿಡದೆ ತಿರುಗಿ, ನಾನ್‌ಸ್ಟ್ರೈಕರ್ ತುದಿಯ ಬೇಲ್ಸ್ ಎಗರಿಸಿದರು. ರೆನೆಗೇಡ್ಸ್ ತಂಡದ ಟಾಮ್ ರೋಜರ್ಸ್ ಆಗಲೇ ಕ್ರೀಸ್ ಬಿಟ್ಟಾಗಿತ್ತು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಮೂರನೇ ಅಂಪೈರ್ ಕೊಟ್ಟ ತೀರ್ಪು ನಾಟೌಟ್. ಜಂಪಾ ಅವರ ತೋಳು ಅಷ್ಟು ಹೊತ್ತಿಗೆ ನೆಟ್ಟಗಿನ ಸ್ಥಿತಿಯನ್ನು ದಾಟಿ ಮುಂದೆ ಹೋಗಿತ್ತು ಎಂಬುದು ಕಾರಣ.

ಆಗಿದ್ದ ನಿಯಮ 38.3ನ್ನು ತೆರೆದು ನೋಡಿದವರಿಗೆ ತೋಳು ಎಷ್ಟು ಎತ್ತರದಲ್ಲಿರಬೇಕು ಎಂಬ ಮಾತು ಸಿಗಲಿಲ್ಲ. ಬೌಲರ್ ಸಾಮಾನ್ಯವಾಗಿ ಚೆಂಡು ಬಿಡುತ್ತಾನೆ ಎಂದು ನಿರೀಕ್ಷಿಸುವ ಕ್ಷಣದವರೆಗೆ ಯಾವಾಗಲಾದರೂ ನಾನ್‌ಸ್ಟ್ರೈಕರ್ ಕ್ರೀಸ್‌ನ ಹೊರಗಿದ್ದರೆ ಆತನನ್ನು ರನೌಟ್ ಮಾಡಬಹುದು ಎಂಬರ್ಥದ ವಾಕ್ಯವಷ್ಟೇ ಇತ್ತು. ಇದನ್ನು ಓದಿದ ಸಾಮಾನ್ಯನೊಬ್ಬ, ‘ರೋಜರ್ಸ್ ಆ ಕ್ಷಣಕ್ಕೆ ಮೊದಲೇ ಹೊರಟಿದ್ದರಲ್ಲ, ಹಾಗಾದರೆ ಔಟ್’ ಎಂದುಕೊಂಡರೆ ತಪ್ಪೇನಿಲ್ಲ. ನಿಯಮಗಳ ಒಡೆತನವಿರುವ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ (ಎಂಸಿಸಿ) ಅದೇ ತಿಂಗಳು ವಾಕ್ಯವನ್ನು ತಿದ್ದಿತು. ‘ಚೆಂಡು ಬಿಡುವ ನಿರೀಕ್ಷೆಯ ಕ್ಷಣ’ ಎಂದರೆ ಬೌಲರ್‌ನ ತೋಳು ಅತಿ ಎತ್ತರಕ್ಕೆ ತಲುಪುವ ಕ್ಷಣ ಎಂದು ಬಿಡಿಸಿ ಬರೆಯಿತು. ಜೊತೆಗೆ ಒಂದು ಮಾತು ಸೇರಿಸಿತು: ಅಂಪೈರ್ ಕೊಟ್ಟ ತೀರ್ಪು ಸರಿಯಾಗಿಯೇ ಇತ್ತು, ವ್ಯಾಖ್ಯಾನ ಮೊದಲಿನಿಂದಲೂ ಇದೇ, ಈಗ ಬದಲಾದದ್ದು ಪದಗಳು ಮಾತ್ರ.

ಈ ಸಮಜಾಯಿಷಿಯಲ್ಲೇ ಇಡೀ ಸಮಸ್ಯೆ ಅಡಗಿದೆ. ವ್ಯಾಖ್ಯಾನ ಅಂಪೈರ್‌ಗೆ ಗೊತ್ತಿತ್ತು. ವಿಕೆಟ್ ಕೀಳಲು ಹೊರಟ ಬೌಲರ್‌ಗೆ ಅದು ಪುಸ್ತಕದಿಂದ ಗೊತ್ತಾಗುವಂತಿರಲಿಲ್ಲ.

ಕಾಗದದ ಮೇಲಿನ ಮೆಟ್ಟಿಲು

ಹೊರಗಿನಿಂದ ನೋಡುವವರಿಗೆ ಒಂದು ಆಟಕ್ಕೆ ಒಂದು ನಿಯಮ ಪುಸ್ತಕ. ಒಳಗೆ ಹೋದರೆ ಕಾಗದಗಳ ರಾಶಿ. ಕ್ರಿಕೆಟ್‌ನಲ್ಲಿ ಎಂಸಿಸಿಯ ನಿಯಮಗಳ ಮೇಲೆ ಐಸಿಸಿ ತನ್ನ ಪಂದ್ಯಗಳಿಗೆಂದು ಆಟದ ಷರತ್ತುಗಳನ್ನು ಹೊರಡಿಸುತ್ತದೆ. ಫುಟ್‌ಬಾಲ್ ನಿಯಮಗಳು 1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿಯ ಕೈಯಲ್ಲಿವೆ. ಅಲ್ಲಿರುವುದು ಎಂಟು ಮತ: ಫಿಫಾಗೆ ನಾಲ್ಕು, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಸಂಸ್ಥೆಗಳಿಗೆ ತಲಾ ಒಂದು. ಒಂದು ನಿಯಮ ಬದಲಾಗಬೇಕೆಂದರೆ ಆರು ಮತ ಬೀಳಬೇಕು. ಬಾಸ್ಕೆಟ್‌ಬಾಲ್‌ಗೆ ನಿಯಮ ಪುಸ್ತಕದ ಜೊತೆಗೆ ಅಧಿಕೃತ ವ್ಯಾಖ್ಯಾನಗಳ ಬೇರೆ ಕಡತವಿದೆ. ವಾಲಿಬಾಲ್‌ಗೆ ಪ್ರಕರಣಗಳ ಪುಸ್ತಕ, ಗಾಲ್ಫ್‌ಗೆ ಸ್ಪಷ್ಟನೆಗಳ ಪಟ್ಟಿ, ಫಾರ್ಮುಲಾ ಒನ್‌ಗೆ ತಾಂತ್ರಿಕ ನಿರ್ದೇಶನಗಳು. ಇಷ್ಟೂ ಮುಗಿದ ಮೇಲೆ, ಟೂರ್ನಿಗೆ ಕೆಲವು ದಿನ ಮುಂಚೆ ರೆಫರಿಗಳನ್ನು ಕೂರಿಸಿ, ವಿಡಿಯೊ ತುಣುಕು ತೋರಿಸಿ, ‘ಇಂಥದ್ದಕ್ಕೆ ಶಿಳ್ಳೆ ಊದಿ, ಇಂಥದ್ದಕ್ಕೆ ಬೇಡ’ ಎಂದು ಹೇಳುವ ಮಾತು.

ಕಾಗದದ ಮೇಲೆ ಪುಸ್ತಕ ಮೇಲಿನ ಮೆಟ್ಟಿಲು, ಬಾಯಿಮಾತು ಕೊನೆಯ ಮೆಟ್ಟಿಲು. ಮೈದಾನದಲ್ಲಿ ಇದು ತಲೆಕೆಳಗು. ರೆಫರಿ ಕೊನೆಯದಾಗಿ ಕೇಳಿಸಿಕೊಂಡ ಮಾತೇ ಮೊದಲು ಕೆಲಸ ಮಾಡುತ್ತದೆ. ಅದರಲ್ಲಿ ಅಚ್ಚರಿಯೇನಿಲ್ಲ. ಪಂದ್ಯ ಮುಗಿದ ಮೇಲೆ ಆತನ ಕೆಲಸಕ್ಕೆ ಅಂಕ ಹಾಕುವವರು ಆ ವಿಡಿಯೊ ತೋರಿಸಿದ ಕಡೆಯವರು, ಮುಂದಿನ ಪಂದ್ಯ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವವರೂ ಅವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಇದು ಕೆಟ್ಟ ವ್ಯವಸ್ಥೆ ಎಂದು ನಾನು ಹೇಳುತ್ತಿಲ್ಲ. ಒಂದು ಲೀಗ್‌ನಲ್ಲಿ ಇಪ್ಪತ್ತು ಜನ ರೆಫರಿಗಳಿದ್ದು, ಇಪ್ಪತ್ತೂ ಜನ ಪುಸ್ತಕವನ್ನು ತಮಗೆ ತೋಚಿದಂತೆ ಓದಿಕೊಂಡರೆ ಅಲ್ಲಿ ಇಪ್ಪತ್ತು ಆಟಗಳು ನಡೆಯುತ್ತವೆ. ‘ನನ್ನ ಆತ್ಮಸಾಕ್ಷಿಗೆ ಪುಸ್ತಕವೇ ದೊಡ್ಡದು’ ಎಂದು ಪ್ರಕಟಿತ ವ್ಯಾಖ್ಯಾನವನ್ನು ಪಕ್ಕಕ್ಕಿಡುವ ಅಂಪೈರ್ ಧೀರನಲ್ಲ, ಅಂದು ಅವನ ಕೈಗೆ ಸಿಕ್ಕ ತಂಡದ ದುರದೃಷ್ಟ. ಆದರೆ ಇಲ್ಲಿ ‘ಪ್ರಕಟಿತ’ ಎಂಬುದು ಮುಖ್ಯ. ವ್ಯಾಖ್ಯಾನ ಪುಸ್ತಕಕ್ಕಿಂತ ಮುಂದೆ ಹೋಯಿತೆಂಬುದಕ್ಕಿಂತ, ಅದು ಪಂದ್ಯಕ್ಕೆ ಮೊದಲು ಎರಡೂ ತಂಡಗಳಿಗೆ ಗೊತ್ತಿತ್ತೇ ಎಂಬುದರ ಮೇಲೆ ನ್ಯಾಯ ಅನ್ಯಾಯ ನಿಂತಿರುತ್ತದೆ.

ಸುಲಭದ ಪ್ರಕರಣವೊಂದನ್ನು ಬೇಗ ಮುಗಿಸಿಬಿಡೋಣ. 2023ರ ನವೆಂಬರ್ 6ರಂದು ದೆಹಲಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಬಾಂಗ್ಲಾದೇಶದ ಮನವಿಯ ಮೇಲೆ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ‘ಟೈಮ್ಡ್ ಔಟ್’ ಆದರು. ಚೆಂಡು ಎದುರಿಸಲು ಸಿದ್ಧನಾಗಲು ಎಂಸಿಸಿ ನಿಯಮ ಹೊಸ ಬ್ಯಾಟರ್‌ಗೆ ಮೂರು ನಿಮಿಷ ಕೊಡುತ್ತದೆ, ಆ ಟೂರ್ನಿಯ ಷರತ್ತು ಕೊಟ್ಟಿದ್ದು ಎರಡು. ಹೆಲ್ಮೆಟ್ ಪಟ್ಟಿ ಕಿತ್ತುಬಂದದ್ದು, ಕ್ರೀಡಾ ಮನೋಭಾವ, ಬಾಂಗ್ಲಾ ನಾಯಕ ಶಕೀಬ್ ಮನವಿ ಹಿಂಪಡೆಯಬೇಕಿತ್ತೇ ಎಂಬುದೆಲ್ಲ ಚರ್ಚೆಗೆ ಚೆನ್ನಾಗಿತ್ತು. ಅಂಪೈರ್‌ಗಳ ಮಟ್ಟಿಗೆ ಗೊಂದಲವಿರಲಿಲ್ಲ. ಟೂರ್ನಿಯ ಷರತ್ತು ಬರಹದಲ್ಲಿತ್ತು, ಎಲ್ಲರ ಕೈಯಲ್ಲೂ ಇತ್ತು, ಸಾಮಾನ್ಯ ನಿಯಮಕ್ಕಿಂತ ಅದರದ್ದೇ ಮೇಲುಗೈ.

ಹದಿನೆಂಟು ಅಂಗುಲದ ಜಗಳ

ಅಕ್ಷರಕ್ಕೂ ಆಶಯಕ್ಕೂ ನಡೆದ ಜಗಳಗಳಲ್ಲಿ ನನಗೆ ಅತಿ ಇಷ್ಟವಾದದ್ದು ಬೇಸ್‌ಬಾಲ್‌ನದು. 1983ರ ಜುಲೈ 24, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್, ಎರಡು ಔಟ್ ಆಗಿವೆ, ಮೂರನೆಯದಾದರೆ ಸರದಿ ಮುಗಿಯಿತು. ಕಾನ್ಸಸ್ ಸಿಟಿ ರಾಯಲ್ಸ್‌ನ ಜಾರ್ಜ್ ಬ್ರೆಟ್ ಹೊಡೆದ ಹೋಮ್‌ರನ್‌ನಿಂದ ತಂಡ 5–4ರ ಮುನ್ನಡೆ ಪಡೆಯಿತು. ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಶಾಂತವಾಗಿ ಮೈದಾನಕ್ಕೆ ಬಂದು, ಬ್ರೆಟ್ ಅವರ ಬ್ಯಾಟ್ ನೋಡಿ ಎಂದರು. ಹಿಡಿತಕ್ಕಾಗಿ ಬ್ಯಾಟಿಗೆ ಹಚ್ಚುವ ಪೈನ್ ಮರದ ರಾಳ ಹಿಡಿಕೆಯಿಂದ 18 ಅಂಗುಲ ಮೀರಬಾರದು ಎಂಬ ನಿಯಮವಿತ್ತು. ಅಂಪೈರ್‌ಗಳ ಬಳಿ ಅಳತೆಪಟ್ಟಿ ಇರಲಿಲ್ಲ. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಕಿರುವ, 17 ಅಂಗುಲ ಅಗಲದ ಹೋಮ್ ಪ್ಲೇಟ್ ಎಂಬ ಹಲಗೆಯ ಮೇಲೆ ಬ್ಯಾಟ್ ಅಡ್ಡವಿಟ್ಟು ಅಳೆದರು. ರಾಳ ಗಡಿ ದಾಟಿತ್ತು. ಅಂಪೈರ್ ಟಿಮ್ ಮೆಕ್‌ಕ್ಲೆಲಂಡ್ ಬ್ರೆಟ್ ಔಟ್ ಎಂದು ಕೈಯೆತ್ತಿದರು. ಪಂದ್ಯ ಅಲ್ಲಿಗೇ ಮುಗಿಯಿತು, ಯಾಂಕೀಸ್ ಗೆದ್ದರು, ಬ್ರೆಟ್ ಹುಚ್ಚು ಕೋಪದಿಂದ ಡಗೌಟ್‌ನಿಂದ ನುಗ್ಗಿ ಬಂದರು.

ಅಂಪೈರ್‌ಗಳು ತಲೆಕೆಟ್ಟು ಕೊಟ್ಟ ತೀರ್ಪೇನೂ ಅದಲ್ಲ. ರಾಳ ಗಡಿ ಮೀರಿದ ಬ್ಯಾಟ್ ಬಳಸುವಂತಿಲ್ಲ ಎನ್ನುತ್ತಿತ್ತು ಒಂದು ನಿಯಮ. ಅಕ್ರಮವಾಗಿ ಚೆಂಡು ಹೊಡೆದ ಆಟಗಾರ ಔಟ್ ಎನ್ನುತ್ತಿತ್ತು ಇನ್ನೊಂದು. ಎರಡನ್ನೂ ಕೂಡಿಸಿದರೆ ಬ್ರೆಟ್ ಔಟ್. ಕೂಡಿಸಿದ್ದೇ ಎಡವಟ್ಟು. ರಾಯಲ್ಸ್ ಪ್ರತಿಭಟನೆ ಸಲ್ಲಿಸಿದಾಗ ಅಮೆರಿಕನ್ ಲೀಗ್ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ನಿಯಮದ ಹಿನ್ನೆಲೆಗೆ ಹೋದರು. ರಾಳ ಹಚ್ಚಿದರೆ ಚೆಂಡು ದೂರ ಹೋಗುತ್ತದೆ ಎಂದು ಆ ಮಿತಿ ಹಾಕಿದ್ದಲ್ಲ. ಚೆಂಡುಗಳು ಕಲೆಯಾಗಿ ಹಾಳಾಗುತ್ತವೆ ಎಂಬುದು ಕಾರಣ. ಹಾಗಿರುವಾಗ ಬ್ಯಾಟನ್ನು ಆಟದಿಂದ ತೆಗೆಯುವುದು ಸರಿ, ಹೋಮ್‌ರನ್ ಅಳಿಸುವುದು ಸರಿಯಲ್ಲ ಎಂದು ಅವರು ತೀರ್ಪನ್ನು ತಿರುಗಿಸಿದರು. ಆಗಸ್ಟ್ 18ರಂದು ಹೋಮ್‌ರನ್ ಆದ ಕ್ಷಣದಿಂದ ಪಂದ್ಯ ಮುಂದುವರಿದು ರಾಯಲ್ಸ್ 5–4ರಿಂದ ಗೆದ್ದಿತು.

ಮ್ಯಾಕ್‌ಫೇಲ್ ಅವರಿಗೆ ಯೋಚಿಸಲು ದಿನಗಳಿದ್ದವು, ಹಳೆಯ ಕಡತಗಳಿದ್ದವು. ಮೆಕ್‌ಕ್ಲೆಲಂಡ್ ಮುಂದಿದ್ದದ್ದು ಒಂದು ಬ್ಯಾಟ್ ಮತ್ತು ಕೂಗುವ ಜನ. ನಿಯಮ ಯಾಕೆ ಹುಟ್ಟಿತು ಎಂಬುದನ್ನು ಮೈದಾನದಲ್ಲೇ ಹುಡುಕಿ ತೀರ್ಪು ಕೊಡಿ ಎಂದು ಅಂಪೈರ್‌ಗೆ ಹೇಳುವುದು ಕಿವಿಗೆ ಇಂಪು, ಕೈಗೆ ಅಪಾಯ. ಆಶಯದ ಹೆಸರಿನಲ್ಲಿ ಏನು ಬೇಕಾದರೂ ಹೇಳಬಹುದು. ಫುಟ್‌ಬಾಲ್ ನಿಯಮಾವಳಿ ಈ ಅಧಿಕಾರಕ್ಕೆ ಒಂದು ಬೇಲಿ ಹಾಕಿದೆ. ನಿಯಮದಲ್ಲಿ ನೇರ ಉತ್ತರವಿಲ್ಲದ ಕಡೆ ಆಟದ ಆಶಯಕ್ಕೆ ತಕ್ಕಂತೆ ನಿರ್ಧರಿಸಿ, ಫುಟ್‌ಬಾಲ್ ಏನನ್ನು ಬಯಸುತ್ತದೆ ಎಂದು ಕೇಳಿಕೊಳ್ಳಿ ಎನ್ನುತ್ತದೆ ಅದು. ಅಂದರೆ ಪುಸ್ತಕ ಸುಮ್ಮನಿರುವಾಗ ಮಾತ್ರ. ಪುಸ್ತಕ ಮಾತನಾಡಿದ್ದರೆ, ಆ ಮಾತು ಎಷ್ಟೇ ಕಹಿಯಾಗಿದ್ದರೂ ರೆಫರಿ ಅದಕ್ಕೆ ಬದ್ಧ.

ಆ ಕಹಿಯನ್ನು ಚೀನಾದ ಗಾಲ್ಫರ್ ಲಿ ಹಾವೊಟಾಂಗ್ ಉಂಡರು. 2019ರ ಜನವರಿಯಲ್ಲಿ ಗಾಲ್ಫ್ ನಿಯಮಗಳು ಹೊಸದಾಗಿ ಜಾರಿಗೆ ಬಂದಿದ್ದವು. ಆಟಗಾರ ಹೊಡೆತಕ್ಕೆ ನಿಲ್ಲಲು ತೊಡಗಿದ ಮೇಲೆ ಕ್ಯಾಡಿ (ಆಟಗಾರನ ಚೀಲ ಹೊರುವ ಸಹಾಯಕ) ಅವನ ಹಿಂದೆ ನಿಂತು ದಿಕ್ಕು ನೋಡಬಾರದು ಎಂಬುದು ಅವುಗಳಲ್ಲೊಂದು. ಅದೇ ತಿಂಗಳು ದುಬೈನಲ್ಲಿ ಕೊನೆಯ ದಿನದ ಕೊನೆಯ ಕುಳಿಯ ಸುತ್ತಲಿನ ಹಸಿರಿನಲ್ಲಿ ಲಿ ಅವರ ಕ್ಯಾಡಿ ಪಕ್ಕಕ್ಕೆ ಸರಿಯುವುದು ಒಂದು ಚಣ ತಡವಾಯಿತು. ಎರಡು ಹೊಡೆತಗಳ ದಂಡ. ಮೂರನೇ ಸ್ಥಾನ ಹಂಚಿಕೊಳ್ಳಬೇಕಿದ್ದವರು ಹನ್ನೆರಡನೇ ಸ್ಥಾನಕ್ಕೆ ಜಾರಿದರು. ಯುರೋಪಿಯನ್ ಟೂರ್‌ನ ಮುಖ್ಯಸ್ಥರು ಇದು ಘೋರ ಅನ್ಯಾಯ ಎಂದರು, ನಿಯಮ ಬರೆದವರು ತೀರ್ಪು ಸರಿ ಎಂದರು. ಒಂದು ವಾರ ಕಳೆಯಲಿಲ್ಲ, ಅಮೆರಿಕದ ಫೀನಿಕ್ಸ್ ಓಪನ್‌ನಲ್ಲಿ ಡೆನ್ನಿ ಮೆಕಾರ್ಥಿ ಅವರಿಗೂ ಇದೇ ನಿಯಮದಡಿ ದಂಡ ಬಿತ್ತು. ಅದನ್ನು ಮರುದಿನವೇ ಹಿಂಪಡೆಯಲಾಯಿತು. ಫೆಬ್ರುವರಿ 6ರಂದು ನಿಯಮವನ್ನು ಸಡಿಲಿಸುವ ಸ್ಪಷ್ಟನೆ ಹೊರಬಿತ್ತು. ಲಿ ಅವರ ಎರಡು ಹೊಡೆತಗಳು ಮಾತ್ರ ಹಿಂದಿರುಗಲಿಲ್ಲ. ದುಬೈನ ಅಧಿಕಾರಿಗಳ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅವರ ಮುಂದಿದ್ದದ್ದು ಅಕ್ಷರ ಒಂದೇ, ಸ್ಪಷ್ಟನೆ ಇನ್ನೂ ಹುಟ್ಟಿರಲಿಲ್ಲ.

ಅದೇ ಪಠ್ಯ, ಬೇರೆ ತೀರ್ಪು

ಫುಟ್‌ಬಾಲ್‌ನಲ್ಲಿ ಇಂಗ್ಲೆಂಡಿನ ರೆಫರಿ ಆಂಟನಿ ಟೇಲರ್ ಅವರ ಹಣೆಬರಹ ನೋಡಿ. 2021ರ ಅಕ್ಟೋಬರ್ 10ರಂದು ಮಿಲಾನ್‌ನಲ್ಲಿ ನೇಷನ್ಸ್ ಲೀಗ್ ಫೈನಲ್ ಅವರ ಕೈಯಲ್ಲಿತ್ತು. ಫ್ರಾನ್ಸ್‌ನ ಕಿಲಿಯನ್ ಎಂಬಾಪೆ ಆಫ್‌ಸೈಡ್ ಜಾಗದಲ್ಲಿ, ಅಂದರೆ ಪಾಸ್ ಪಡೆದು ಆಡುವಂತಿಲ್ಲದಷ್ಟು ಮುಂದೆ ಇದ್ದರು. ಅವರತ್ತ ಬಂದ ಪಾಸನ್ನು ತಡೆಯಲು ಸ್ಪೇನ್‌ನ ಎರಿಕ್ ಗಾರ್ಸಿಯಾ ಕಾಲು ಚಾಚಿದಾಗ ಚೆಂಡು ತಾಗಿ ಮುಂದೆ ಹೋಯಿತು, ಎಂಬಾಪೆ ಗೋಲು ಹೊಡೆದರು, ಫ್ರಾನ್ಸ್ 2–1ರಿಂದ ಗೆದ್ದಿತು. ರಕ್ಷಕ ಉದ್ದೇಶಪೂರ್ವಕವಾಗಿ ಚೆಂಡನ್ನು ಆಡಿದರೆ ಆಫ್‌ಸೈಡ್ ತಪ್ಪು ಅಳಿಸಿಹೋಗುತ್ತದೆ ಎಂಬುದು ನಿಯಮ. ಪ್ರಾಣಭಯದಲ್ಲಿ ಕಾಲು ಚಾಚುವುದೂ ‘ಉದ್ದೇಶಪೂರ್ವಕ ಆಟ’ ಎಂಬುದು ಅಂದಿನ ವ್ಯಾಖ್ಯಾನ. ಟೇಲರ್ ಅದನ್ನೇ ಪಾಲಿಸಿದರು. ತೀರ್ಪು ನಿಯಮದ ಪ್ರಕಾರ ಸರಿ, ಆದರೆ ಅದರ ಈಗಿನ ವ್ಯಾಖ್ಯಾನವೇ ನಿಯಮದ ಆಶಯಕ್ಕೆ ವಿರುದ್ಧವಾಗಿದೆ ಎಂಬರ್ಥದ ಮಾತನ್ನು ಸ್ವತಃ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎದ ರೆಫರಿ ಮುಖ್ಯಸ್ಥ ರಾಬರ್ಟೊ ರೊಸೆಟ್ಟಿ ಆಡಿದರು. 2022ರ ಜುಲೈನಲ್ಲಿ ಐಎಫ್‌ಎಬಿ ಮಾನದಂಡಗಳನ್ನು ಪ್ರಕಟಿಸಿತು: ಚೆಂಡು ದೂರದಿಂದ ಬಂದಿತೇ, ಆಟಗಾರನಿಗೆ ಅದು ಸರಿಯಾಗಿ ಕಾಣುತ್ತಿತ್ತೇ, ಮೈ ಹೊಂದಿಸಿಕೊಳ್ಳಲು ಸಮಯವಿತ್ತೇ. ನಿಯಮದ ಮೂಲ ಮಾತು ಹಾಗೇ ಉಳಿಯಿತು, ಗಾರ್ಸಿಯಾ ಅವರಂಥ ಚಾಚು ಮಾತ್ರ ಅದರ ಹೊರಗೆ ಬಿತ್ತು.

ಇದು ಸರಿಯಾದ ದಾರಿ ಎಂದೇ ನನ್ನ ಎಣಿಕೆ. ಪಂದ್ಯದ ದಿನ ರೆಫರಿ ಪ್ರಚಲಿತ ವ್ಯಾಖ್ಯಾನ ಪಾಲಿಸುತ್ತಾನೆ, ಮೇಲಿನವರು ಅದು ಕೆಟ್ಟದ್ದೆಂದು ಒಪ್ಪುತ್ತಾರೆ, ಎಲ್ಲರೂ ಓದುವಂತೆ ಬದಲಿಸುತ್ತಾರೆ.

2024ರ ಜುಲೈ 5ರಂದು ಸ್ಟುಟ್‌ಗಾರ್ಟ್‌ನಲ್ಲಿ ಹೀಗಾಗಲಿಲ್ಲ. ಯುರೋ ಕ್ವಾರ್ಟರ್ ಫೈನಲ್, ಸ್ಪೇನ್ ಮತ್ತು ಜರ್ಮನಿ 1–1, ಹೆಚ್ಚುವರಿ ಸಮಯ. ಜರ್ಮನಿಯ ಜಮಾಲ್ ಮುಸಿಯಾಲ ಹೊಡೆದ ಚೆಂಡು ಸ್ಪೇನ್‌ನ ಮಾರ್ಕ್ ಕುಕುರೆಯಾ ಅವರ ಕೈಗೆ ಬಡಿಯಿತು. ರೆಫರಿ ಮತ್ತೆ ಅದೇ ಟೇಲರ್. ಪೆನಾಲ್ಟಿ ಕೊಡಲಿಲ್ಲ, ವಿಡಿಯೊ ನೋಡುವ ಸಹಾಯಕ ರೆಫರಿ (ವಿಎಆರ್) ಕೂಡ ಕರೆಯಲಿಲ್ಲ, ಸ್ಪೇನ್ 2–1ರಿಂದ ಗೆದ್ದು ಮುಂದೆ ಕಪ್ಪನ್ನೂ ಎತ್ತಿತು. ಕೈ ದೇಹದ ಪಕ್ಕದಲ್ಲಿ ಕೆಳಮುಖವಾಗಿದ್ದರೆ ಅಥವಾ ಹಿಂದಕ್ಕೆ ಸರಿಯುತ್ತಿದ್ದರೆ ದಂಡಿಸಬೇಕಿಲ್ಲ ಎಂಬ ವಿವರಣೆ ಟೂರ್ನಿಗೆ ಮುಂಚೆ ಕೊಡಲಾಗಿತ್ತು ಎಂದು ಆಗ ವರದಿಯಾಗಿತ್ತು. ಆ ವಿವರಣೆಯ ಪ್ರಕಾರ ಟೇಲರ್ ಮಾಡಿದ್ದು ಸರಿ. ಸೆಪ್ಟೆಂಬರ್‌ನಲ್ಲಿ ಯುಇಎಫ್‌ಎ ರೆಫರಿ ಸಮಿತಿಯ ಟಿಪ್ಪಣಿಯೊಂದು ಬೆಳಕಿಗೆ ಬಂತು. ಗೋಲಿನತ್ತ ಹೊರಟ ಹೊಡೆತವನ್ನು ಕೈ ತಡೆದರೆ ಹೆಚ್ಚು ಕಠಿಣವಾಗಿ ನೋಡಬೇಕು, ಆ ಸಂದರ್ಭದಲ್ಲಿ ಪೆನಾಲ್ಟಿ ಕೊಡಬೇಕಿತ್ತು ಎಂಬುದು ಅದರ ಸಾರ.

‘ದೇಹವನ್ನು ಅಸಹಜವಾಗಿ ದೊಡ್ಡದು ಮಾಡಿಕೊಂಡರೆ’ ಹ್ಯಾಂಡ್‌ಬಾಲ್ ಎನ್ನುವ ನಿಯಮ 12ರ ಮಾತು ಎರಡೂ ಸಲ ಒಂದೇ ಆಗಿತ್ತು. ಬೇಸಿಗೆಯಲ್ಲಿ ಅದರಿಂದ ಒಂದು ಉತ್ತರ, ಮಳೆಗಾಲ ಮುಗಿಯುವಷ್ಟರಲ್ಲಿ ಇನ್ನೊಂದು. ಜರ್ಮನ್ನರಿಗೆ ಈ ಟಿಪ್ಪಣಿಯಿಂದ ಸಮಾಧಾನ ಸಿಕ್ಕಿರಲಾರದು. ಹೇಳಿದ್ದನ್ನು ಮಾಡಿದ ರೆಫರಿಗಂತೂ ಏನು ಸಿಕ್ಕಿತೋ ಕಾಣೆ.

ವ್ಯಾಖ್ಯಾನ ಪಂದ್ಯದ ನಂತರವೇ ಹುಟ್ಟಿದ ಅತಿ ದುಬಾರಿ ಪ್ರಸಂಗ 2021ರ ಡಿಸೆಂಬರ್ 12ರ ಫಾರ್ಮುಲಾ ಒನ್ ಅಬುಧಾಬಿ ಗ್ರ್ಯಾನ್ ಪ್ರಿ. ಅಂದು ವಿಶ್ವ ಚಾಂಪಿಯನ್ ಯಾರೆಂಬುದು ಕೊನೆಯ ಸುತ್ತಿನಲ್ಲಿ ನಿರ್ಧಾರವಾಗಬೇಕಿತ್ತು. ಅವಘಡವಾದಾಗ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಟ್ರ್ಯಾಕ್‌ನಲ್ಲಿದ್ದಾಗ ಸುತ್ತು ಹಿಂದುಳಿದ ಕಾರುಗಳಿಗೆ ಮುಂದೆ ಹೋಗಲು ಬಿಡಬೇಕು ಎನ್ನುತ್ತಿತ್ತು ಆಗಿನ ವಿಧಿ 48.12. ರೇಸ್ ನಿರ್ದೇಶಕ ಮೈಕಲ್ ಮಾಸಿ ಅಂಥ ಎಂಟು ಕಾರುಗಳಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಮತ್ತು ಅವರ ಪ್ರತಿಸ್ಪರ್ಧಿ ವೆರ್ಸ್ಟಾಪನ್ ನಡುವೆ ಇದ್ದ ಐದನ್ನು ಮಾತ್ರ ಬಿಟ್ಟರು. ಆ ಕಾರುಗಳು ಹೋದ ಮೇಲೆ ಮುಂದಿನ ಸುತ್ತಿನ ಕೊನೆಗೆ ಸೇಫ್ಟಿ ಕಾರ್ ಹೊರಹೋಗಬೇಕಿತ್ತು, ಅದೂ ಬೇಗನೆ ಹೋಯಿತು. ಕೊನೆಯ ಸುತ್ತಿನಲ್ಲಿ ವೆರ್ಸ್ಟಾಪನ್ ಹಿಂದಿಕ್ಕಿ ಚಾಂಪಿಯನ್ ಆದರು. ಹ್ಯಾಮಿಲ್ಟನ್ ಅವರ ಮರ್ಸಿಡಿಸ್ ತಂಡ ಪ್ರತಿಭಟಿಸಿದಾಗ ಸ್ಟೀವರ್ಡ್‌ಗಳು (ತೀರ್ಪುಗಾರರು) ಸೇಫ್ಟಿ ಕಾರ್ ಹೊರಹೋಗುವ ಬಗೆಗಿನ ವಿಧಿ 48.13 ಹಿಂದಿನದನ್ನು ಮೀರಿಸುತ್ತದೆ, ವಿಧಿ 15.3ರ ಪ್ರಕಾರ ಸೇಫ್ಟಿ ಕಾರ್ ಬಳಕೆ ನಿರ್ದೇಶಕರ ವಿವೇಚನೆಗೆ ಬಿಟ್ಟದ್ದು ಎಂದು ಮನವಿ ತಳ್ಳಿಹಾಕಿದರು. ಅಧಿಕಾರ ಇತ್ತು ಎಂಬುದಕ್ಕೂ, ನಿಯಮ ಪಾಲಿಸದಿರುವ ಅಧಿಕಾರ ಇತ್ತು ಎಂಬುದಕ್ಕೂ ಅಂತರವಿದೆ. ಆ ಅಂತರವನ್ನು ಸ್ಟೀವರ್ಡ್‌ಗಳು ಮುಚ್ಚಿಬಿಟ್ಟರು ಎನಿಸುತ್ತದೆ ನನಗೆ. 2022ರ ಮಾರ್ಚ್‌ನಲ್ಲಿ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ತನ್ನ ವರದಿಯಲ್ಲಿ ಮಾನವ ದೋಷವನ್ನು ಒಪ್ಪಿಕೊಂಡಿತು, ಆದರೆ ಫಲಿತಾಂಶ ಹಾಗೇ ಉಳಿಯಿತು. ಹೊಸ ಋತುವಿನ ನಿಯಮದಲ್ಲಿ ‘ಯಾವುದೇ’ ಕಾರು ಎಂದಿದ್ದದ್ದು ‘ಎಲ್ಲಾ’ ಕಾರು ಎಂದಾಯಿತು. ಅಷ್ಟರಲ್ಲಿ ಮಾಸಿ ಆ ಹುದ್ದೆಯಲ್ಲಿರಲಿಲ್ಲ.

ತಪ್ಪಿದರೆ ಏನು ಗತಿ?

ಇಲ್ಲಿ ಹೆಚ್ಚಿನ ಆಟಗಳು ಒಂದು ಗೆರೆ ಎಳೆದಿವೆ. ಕಣ್ಣು ತಪ್ಪಿದರೆ ತೀರ್ಪು ಅಂತಿಮ, ನಿಯಮವೇ ತಪ್ಪಿದರೆ ದೂರಿಗೆ ಜಾಗವುಂಟು. ಟೆನಿಸ್‌ನಲ್ಲಿ ಇದು ಅಂಗಳದಲ್ಲೇ ಕಾಣುತ್ತದೆ. ಅಂಗಳದಲ್ಲಿ ಏನು ನಡೆಯಿತು ಎಂಬುದರಲ್ಲಿ ಚೇರ್ ಅಂಪೈರ್ ಮಾತೇ ಕೊನೆ, ನಿಯಮದ ಪ್ರಶ್ನೆ ಎದ್ದರೆ ಆಟಗಾರ ರೆಫರಿಯನ್ನು ಕರೆಸಬಹುದು.

2005ರ ಸೆಪ್ಟೆಂಬರ್ 3ರಂದು ತಾಷ್ಕೆಂಟ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಫುಟ್‌ಬಾಲ್ ಪಂದ್ಯದಲ್ಲಿ ಉಜ್ಬೇಕಿಸ್ತಾನ ಬಹರೇನ್ ವಿರುದ್ಧ 1–0 ಮುಂದಿತ್ತು. ಪೆನಾಲ್ಟಿಯಲ್ಲಿ ಎರಡನೇ ಗೋಲೂ ಬಂತು. ಆದರೆ ಒದೆಯುವ ಮುನ್ನ ಉಜ್ಬೇಕ್ ಆಟಗಾರನೊಬ್ಬ ಪೆನಾಲ್ಟಿ ಆವರಣದೊಳಗೆ ನುಗ್ಗಿದ್ದ. ಗೋಲು ಬಂದಿದ್ದರಿಂದ ಮತ್ತೆ ಒದೆಯಿಸಬೇಕಿತ್ತು. ರೆಫರಿ ಬಹರೇನ್‌ಗೆ ಫ್ರೀ ಕಿಕ್ ಕೊಟ್ಟರು. ಗೆದ್ದ ಉಜ್ಬೇಕಿಸ್ತಾನವೇ ದೂರು ಸಲ್ಲಿಸಿ 3–0 ಕೊಡಿ ಎಂದು ಕೇಳಿತು. ಫಿಫಾ ಇದು ರೆಫರಿಯ ತಾಂತ್ರಿಕ ತಪ್ಪು ಎಂದು ಒಪ್ಪಿ, ಇಡೀ ಪಂದ್ಯವನ್ನೇ ರದ್ದು ಮಾಡಿ ಮರುಪಂದ್ಯ ಆಡಿಸಿತು. ಅದು 1–1, ಬಹರೇನ್‌ನಲ್ಲಿ ನಡೆದ ಎರಡನೇ ಪಂದ್ಯ 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹರೇನ್ ಮುಂದೆ ಹೋಯಿತು. ಕೈಯಲ್ಲಿದ್ದ ಗೆಲುವನ್ನು ದೂರು ಕೊಟ್ಟು ಕಳೆದುಕೊಂಡ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಕ್ರಿಕೆಟ್‌ನಲ್ಲಿ ಇಂಥ ಬಾಗಿಲೇ ಇಲ್ಲದಂತಿದೆ. 2019ರ ಜುಲೈ 14ರ ವಿಶ್ವಕಪ್ ಫೈನಲ್‌ನಲ್ಲಿ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಬೆನ್ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿ ಸೇರಿದಾಗ ಅಂಪೈರ್ ಕುಮಾರ ಧರ್ಮಸೇನ ಆರು ರನ್ ಕೊಟ್ಟರು. ನಿಯಮ 19.8ರ ಪ್ರಕಾರ ಎರಡನೇ ರನ್ ಲೆಕ್ಕಕ್ಕೆ ಬರಲು ಚೆಂಡು ಎಸೆದ ಕ್ಷಣಕ್ಕೆ ಬ್ಯಾಟರ್‌ಗಳು ಪರಸ್ಪರ ದಾಟಿರಬೇಕು, ಅವರು ದಾಟಿರಲಿಲ್ಲ, ಹಾಗಾಗಿ ಐದೇ ರನ್ ಎಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಬಿಡಿಸಿ ಹೇಳಿದರು. ಧರ್ಮಸೇನ ಕೂಡ ನಂತರ ತಪ್ಪನ್ನು ಒಪ್ಪಿಕೊಂಡರು. ಇಂಗ್ಲೆಂಡ್ ಗೆದ್ದ ಕಪ್ ಮಾತ್ರ ಕದಲಲಿಲ್ಲ.

ಮೈದಾನದ ತೀರ್ಪುಗಳಲ್ಲಿ ದುರುದ್ದೇಶ ಅಥವಾ ಮನಸೋಇಚ್ಛೆ ಕಾಣದಿದ್ದರೆ ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿಯೂ ಕೈಹಾಕುವುದಿಲ್ಲ. ನಿಯಮ ಸಂದಿಲ್ಲದಂತೆ ಬರೆದಿದ್ದರೆ ಅದು ಏನೂ ಮಾಡಲಾರದು ಎಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಪ್ರಕರಣದಲ್ಲಿ ಕಂಡೆವು. 50 ಕೆ.ಜಿ. ಫೈನಲ್ ದಿನ 100 ಗ್ರಾಂ ಹೆಚ್ಚು ತೂಕ. ಎರಡನೇ ದಿನದ ತೂಕದಲ್ಲಿ ಸೋತರೂ ಇಡೀ ಸ್ಪರ್ಧೆಯಿಂದ ಹೊರಗೆ ಎನ್ನುತ್ತದೆ ಕುಸ್ತಿ ನಿಯಮ. ಪರಿಣಾಮ ಕ್ರೂರ ಎಂದು ಒಪ್ಪಿದ ಮಂಡಳಿಯೂ ಮನವಿಯನ್ನು ತಿರಸ್ಕರಿಸಿತು.

ಹಾಗಾದರೆ ಆಡುವ ಹೊತ್ತಿಗೇ ವ್ಯಾಖ್ಯಾನ ಕೇಳಿದರೆ? 2017ರ ಫೆಬ್ರುವರಿಯಲ್ಲಿ ಟ್ವಿಕನಮ್‌ನಲ್ಲಿ ಇಟಲಿಯ ರಗ್ಬಿ ತಂಡ ‘ರಕ್’ ರಚನೆಗೆ, ಅಂದರೆ ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ಒತ್ತಿ ತಳ್ಳಾಡುವ ಗುಂಪಿಗೆ, ಸೇರದೆಯೇ ಆಡಿತು. ಆಗಿನ ನಿಯಮದಂತೆ ಎರಡೂ ತಂಡದವರು ಸೇರದೆ ರಕ್ ಆಗುತ್ತಿರಲಿಲ್ಲ, ರಕ್ ಇಲ್ಲದೆ ಆಟಗಾರರು ದಾಟಬಾರದ ಆಫ್‌ಸೈಡ್ ಗೆರೆ ಇರಲಿಲ್ಲ. ಹಾಗಾಗಿ ಇಟಲಿಯವರು ಇಂಗ್ಲೆಂಡ್ ಪಾಳಯದ ನಡುವೆ ಆರಾಮಾಗಿ ನಿಂತಿದ್ದರು. ತಬ್ಬಿಬ್ಬಾದ ಇಂಗ್ಲೆಂಡ್ ಆಟಗಾರರು ಈಗೇನು ಮಾಡಬೇಕು ಎಂದು ಕೇಳಿದಾಗ ರೆಫರಿ ರೊಮಾನ್ ಪ್ವಾಟ್, ತಾನು ರೆಫರಿ, ಕೋಚ್ ಅಲ್ಲ ಎಂದುಬಿಟ್ಟರು. ಇಟಲಿ ಆ ತಂತ್ರದ ಬಗ್ಗೆ ರೆಫರಿಯ ಬಳಿ ಮೊದಲೇ ಮಾತಾಡಿಕೊಂಡಿತ್ತು. ತಂತ್ರ ಪುಸ್ತಕದ ಪ್ರಕಾರ ಶುದ್ಧ, ರೆಫರಿಯ ಉತ್ತರವೂ ಸರಿ. ಒಂದು ತಂಡಕ್ಕೆ ಅರ್ಥ ಮುಂಚೆ ಗೊತ್ತಿದ್ದು ಇನ್ನೊಂದಕ್ಕೆ ಗೊತ್ತಿರದಿದ್ದುದು ಮಾತ್ರ ಇರಿಸುಮುರಿಸು. ಅದೇ ವರ್ಷ ವರ್ಲ್ಡ್ ರಗ್ಬಿ ನಿಯಮ ಬದಲಿಸಿ ಆ ದಾರಿ ಮುಚ್ಚಿತು.

ಈಗ ಕ್ರಿಕೆಟ್‌ನಲ್ಲಿ ಇದಕ್ಕಿಂತ ವಿಚಿತ್ರ ಸ್ಥಿತಿಯೊಂದು ಬಂದಿದೆ. ಬೌಂಡರಿಯಾಚೆ ನೆಗೆದು ಗಾಳಿಯಲ್ಲೇ ಚೆಂಡನ್ನು ಮತ್ತೆ ಮೇಲಕ್ಕೆ ತಟ್ಟಿ, ಒಳಗೆ ಬಂದು ಹಿಡಿಯುವ ಕ್ಯಾಚುಗಳು ಹಳೆಯ ನಿಯಮದಡಿ ಸಿಂಧು. 2023ರ ಹೊಸ ವರ್ಷದ ದಿನ ಬ್ರಿಸ್ಬೇನ್ ಹೀಟ್‌ನ ಮೈಕಲ್ ನೆಸರ್ ಹಿಡಿದದ್ದು ಅಂಥದ್ದು. ಹೊರಗಿನಿಂದ ನೆಗೆದವನು ಚೆಂಡನ್ನು ಒಂದೇ ಸಲ ಮುಟ್ಟಬಹುದು, ಆಮೇಲೆ ಗೆರೆಯ ಒಳಗೇ ಇಳಿಯಬೇಕು ಎಂದು ಎಂಸಿಸಿ ಈಗ ಬಿಗಿ ಮಾಡಿದೆ. ಐಸಿಸಿ ಷರತ್ತುಗಳಲ್ಲಿ ಇದು 2025ರ ಜೂನ್‌ನಿಂದಲೇ ಜಾರಿ, ಎಂಸಿಸಿಯ ಪುಸ್ತಕಕ್ಕೆ ಸೇರಲು ನಿಗದಿಯಾದದ್ದು 2026ರ ಅಕ್ಟೋಬರ್. ನಡುವಿನ ಸುಮಾರು ಹದಿನಾರು ತಿಂಗಳಲ್ಲಿ ಟೆಸ್ಟ್ ಮುಗಿಸಿ ಬಂದ ಅಂಪೈರ್ ಒಬ್ಬ ಎಂಸಿಸಿ ನಿಯಮದಂತೆ ನಡೆಯುವ ಕ್ಲಬ್ ಪಂದ್ಯಕ್ಕೆ ನಿಂತರೆ, ಹಿಂದಿನ ವಾರ ಸಿಕ್ಸರ್ ಎಂದು ಎರಡೂ ಕೈಯೆತ್ತಿದ್ದ ಅದೇ ಬಗೆಯ ಕ್ಯಾಚಿಗೆ ಇಲ್ಲಿ ಒಂದು ಬೆರಳು ಎತ್ತಬೇಕು.